ನಿಂತು ಹಾಕಿದ ಹುಟ್ಟು



ಕಳೆದ ಜನವರಿಯ ಒಂದು ಬೆಳಗ್ಗೆ, ಇನ್ನೂ ಏಳು ಗಂಟೆ ಆಗಿರಲಿಲ್ಲ, ಮೂಲ್ಕಿಯ ಶಾಂಭವಿ ಹೊಳೆಯ ನಡುವೆ ನಾನು ಮಂಡಿಯೂರಿ ಕೂತಿದ್ದೆ. ಕೆಳಗೆ ಹತ್ತೂವರೆ ಅಡಿ ಉದ್ದದ ಹಲಗೆ, ಕೈಯಲ್ಲಿ ನನಗಿಂತ ಎತ್ತರದ ಹುಟ್ಟು, ಮೈಗೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್. ನಿವೃತ್ತಿಗೆ ಎರಡು ವರ್ಷ ಬಾಕಿಯಿರುವ ಮನುಷ್ಯನಿಗೆ ಇದು ಬೇಕಿತ್ತೇ ಎಂದು ನನ್ನ ಹೆಂಡತಿ ಹಿಂದಿನ ರಾತ್ರಿಯೇ ಕೇಳಿಯಾಗಿತ್ತು. ಪಕ್ಕದಲ್ಲಿ ಇನ್ನೊಂದು ಹಲಗೆಯ ಮೇಲೆ ನನ್ನ ಗುರು ನಿಂತಿದ್ದ. ಇಪ್ಪತ್ತೆರಡರ ಪ್ರಾಯ, ಮೀನುಗಾರರ ಮನೆಯ ಹುಡುಗ. ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವವನಷ್ಟು ನಿರಾಳವಾಗಿ ನಿಂತುಕೊಂಡು "ಇನ್ನು ಏಳಿ ಸರ್" ಅಂದ.

ಎದ್ದೆ. ಎದ್ದವನು ನೋಡಿದ್ದು ನನ್ನ ಕಾಲುಗಳನ್ನೇ. "ಕಾಲು ಎಲ್ಲಿಗೂ ಓಡಿಹೋಗುದಿಲ್ಲ ಸರ್, ಆಚೆ ದಡದ ತೆಂಗಿನಮರ ನೋಡಿ" ಎಂದ. ಅವನ ಮಾತು ಮುಗಿಯುವಷ್ಟರಲ್ಲಿ ನಾನು ನೀರಿನೊಳಗಿದ್ದೆ.

ಈ ಆಟಕ್ಕೆ ಸ್ಟ್ಯಾಂಡ್ ಅಪ್ ಪ್ಯಾಡಲಿಂಗ್ ಎಂದು ಹೆಸರು. ನಿಂತು ಹುಟ್ಟು ಹಾಕುವುದು, ಅಷ್ಟೇ. ಒದ್ದೆಯಾಗಿ ಮತ್ತೆ ಹಲಗೆ ಹತ್ತುವಾಗ ನನಗೆ ಬಂದ ಪ್ರಶ್ನೆ ತೀರ ಸರಳವಾದದ್ದು. ಕೂತು ಹೋಗಬಹುದಾದ ಕಡೆ ಮನುಷ್ಯ ಯಾಕೆ ನಿಂತ? ನಮ್ಮ ಕಡವಿನ ದೋಣಿಯಲ್ಲಿ ಅಂಬಿಗ ನಿಂತು ಜಲ್ಲೆ ಊರುತ್ತಾನೆ, ಸರಿ. ಆ ಉದ್ದದ ಬಿದಿರನ್ನು ಕೂತು ಊರಲು ಆಗುವುದಿಲ್ಲ. ಆದರೆ ಹುಟ್ಟು ಹಾಕುವವನು ಎಲ್ಲ ಕಡೆ ಸಾಮಾನ್ಯವಾಗಿ ಕೂರುತ್ತಾನೆ. ನಿಂತವನ ಕಥೆ ಬೇರೆಯೇ ಇರಬೇಕು. ಆ ಕಥೆಯನ್ನು ಹುಡುಕಿದಾಗ ಸಿಕ್ಕಿದ್ದನ್ನು ಇವತ್ತು ನಿಮ್ಮ ಜೊತೆ ಹಂಚಿಕೊಳ್ಳುತ್ತೇನೆ.

ಹಲಗೆಯಂಥ ತೇಲುವ ವಸ್ತುವಿನ ಮೇಲೆ ಹುಟ್ಟು ಹಿಡಿದು ಕಡಲಿಗೆ ಇಳಿದವರು ಹಲವು ಕಡೆ ಇದ್ದಾರೆ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಉವಾಂಚಾಕೊ ಎಂಬ ಮೀನುಗಾರರ ಊರಿದೆ. ಅಲ್ಲಿಯವರು ಜೊಂಡನ್ನು ಕಟ್ಟಿ, ಮುಂತುದಿ ಮೇಲಕ್ಕೆ ಬಾಗಿದ ಒಂದು ಕಿರುದೋಣಿ ಮಾಡುತ್ತಾರೆ. ಸ್ಪ್ಯಾನಿಷ್ ಭಾಷೆಯಲ್ಲಿ ಅದಕ್ಕೆ 'ಜೊಂಡಿನ ಪುಟ್ಟ ಕುದುರೆ' ಎಂಬ ಅರ್ಥದ ಹೆಸರು. ಕುದುರೆಯ ಮೇಲೆ ಕೂತಂತೆ ಕೂತು, ಸೀಳಿದ ಬಿದಿರನ್ನೇ ಹುಟ್ಟು ಮಾಡಿಕೊಂಡು ಅಲೆ ದಾಟುತ್ತಾರೆ. ಪ್ರಾಚೀನ ಮೋಚೆ ಜನರ ಮಡಕೆಗಳ ಮೇಲೂ ಜೊಂಡಿನ ದೋಣಿಗಳ ಚಿತ್ರಗಳಿವೆ. ಇಸ್ರೇಲಿನ ಕಡಲತೀರದಲ್ಲಿ ಜೀವರಕ್ಷಕರು 'ಹಸಾಕೆ' ಎಂಬ ಅಗಲದ ಹಲಗೆಯ ಮೇಲೆ ನಿಂತು ಉದ್ದದ ಹುಟ್ಟು ಹಾಕುತ್ತಾರೆ.

ನಮ್ಮ ಮಗ್ಗುಲಲ್ಲೇ ಒಂದು ಉದಾಹರಣೆ ಇದೆ. ತಮಿಳುನಾಡಿನ ಕಟ್ಟುಮರ. ಹಗುರ ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದದ್ದು. ನೀರು ಒಳಗೆ ಬರುವ ಪ್ರಶ್ನೆಯೇ ಇಲ್ಲ, ಏಕೆಂದರೆ ಅದಕ್ಕೆ ಒಳಗು ಎಂಬುದೇ ಇಲ್ಲ. ಇಂಗ್ಲಿಷ್ ನಾವಿಕ ವಿಲಿಯಂ ಡ್ಯಾಂಪಿಯರ್ ತನ್ನ 1697ರ ಪ್ರವಾಸ ಗ್ರಂಥದಲ್ಲಿ ಕೋರಮಂಡಲ ತೀರದ ಈ ತೆಪ್ಪವನ್ನು ಬಣ್ಣಿಸಿದ್ದಾನೆ. ತಮಾಷೆಯೆಂದರೆ ಹೆಸರು ಇಂಗ್ಲಿಷಿಗೆ ಹೋಗಿ 'ಕೆಟಮರಾನ್' ಆಯಿತು, ವಸ್ತು ಮಾತ್ರ ಬದಲಾಯಿತು. ಈಗ ಆ ಶಬ್ದಕ್ಕೆ ಎರಡು ಒಡಲಿನ ನೌಕೆ ಎಂದರ್ಥ. ಮದ್ರಾಸಿನ ಮೀನುಗಾರ ಮಂಡಿಯೂರಿಯೋ ನಿಂತೋ ಹುಟ್ಟು ಹಾಕುತ್ತಿದ್ದುದು ಹೊಟ್ಟೆಪಾಡಿಗೆ. ಅವನನ್ನು ಯಾರೂ ಕ್ರೀಡಾಪಟು ಎಂದು ಕರೆಯಲಿಲ್ಲ.

ಇವರೆಲ್ಲ ದಾಯಾದಿಗಳು. ಇವತ್ತಿನ ಆಟಕ್ಕೆ ನೇರವಾದ ವಂಶ ಇರುವುದು ಪೆಸಿಫಿಕ್ ಸಾಗರದ ನಡುವಿನ ಹವಾಯಿಯಲ್ಲಿ.

ಕ್ಯಾಪ್ಟನ್ ಕುಕ್‌ನ ಹಡಗುಗಳು 1778ರಲ್ಲಿ ಹವಾಯಿ ದ್ವೀಪಗಳನ್ನು ಮುಟ್ಟಿದವು. ಮರುವರ್ಷ ಅವನ ಜೊತೆಯ ಅಧಿಕಾರಿ ಜೇಮ್ಸ್ ಕಿಂಗ್, ಅಲ್ಲಿಯವರು ಹಲಗೆಗಳ ಮೇಲೆ ಅಲೆಗಳನ್ನೇರಿ ಆಡುವುದನ್ನು ಬೆರಗಿನಿಂದ ಬರೆದಿಟ್ಟ. ಆಮೇಲೆ ಬಂದದ್ದು ಹೊರಗಿನ ರೋಗಗಳು. ಜನರು ಗುಂಪುಗುಂಪಾಗಿ ಸತ್ತರು. 1820ರಲ್ಲಿ ಬಂದ ಮಿಷನರಿಗಳಿಗೆ ಈ ಅರೆಬೆತ್ತಲೆಯ ಆಟ ರುಚಿಸಲಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಅಲೆಯಾಟ ಬಹಳ ಸೊರಗಿತ್ತು. ಅದರ ನಡುವೆ, 1866ರಲ್ಲಿ ಮಾರ್ಕ್ ಟ್ವೇನ್ ಅಲ್ಲಿಗೆ ಹೋಗಿ ಹಲಗೆಯ ಮೇಲೆ ಒಂದು ಕೈ ನೋಡಿದ. ಹಲಗೆ ದಡ ಸೇರಿತು, ಅವನು ತಳ ಸೇರಿದ. ಶಾಂಭವಿಯಲ್ಲಿ ಮುಳುಗೆದ್ದ ನನಗೆ ಈ ಸಂಗತಿ ಓದಿ ದೊಡ್ಡ ಸಮಾಧಾನವಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಇಪ್ಪತ್ತನೇ ಶತಮಾನ ಹುಟ್ಟುವ ಹೊತ್ತಿಗೆ ವೈಕಿಕಿ ಎಂಬ ಕಡಲತೀರದ ಗತಿ ಬದಲಾಯಿತು. 1901ರಲ್ಲಿ ಅಲ್ಲಿ ಮೊಅನ ಹೋಟೆಲ್ ಬಂತು. ಹಡಗುಗಳಲ್ಲಿ ಅಮೆರಿಕದ ಹಣವಂತರು ಬರತೊಡಗಿದರು. ಬಂದವರಿಗೆ ಅಲೆ ಏರುವ ಆಸೆ. 1907ರಲ್ಲಿ ಕಾದಂಬರಿಕಾರ ಜಾಕ್ ಲಂಡನ್ ಇಲ್ಲೇ ಕಲಿತ. ಕಲಿಸುವವರು ಬೇಕಲ್ಲ? ಹಾಗೆ ಹುಟ್ಟಿಕೊಂಡವರು 'ಬೀಚ್ ಬಾಯ್ಸ್'. ಬಹುಮಟ್ಟಿಗೆ ಸ್ಥಳೀಯ ಹವಾಯಿ ಯುವಕರು. ಅತಿಥಿಗಳಿಗೆ ಅಲೆಯಾಟ ಕಲಿಸುವುದು, ದೋಣಿಯಲ್ಲಿ ಸುತ್ತಾಡಿಸುವುದು, ಸಂಜೆ ಉಕುಲೇಲೆ ನುಡಿಸಿ ಹಾಡುವುದು, ಮುಳುಗುವವರನ್ನು ಎತ್ತುವುದು, ಎಲ್ಲವೂ ಅವರ ಕೆಲಸವೇ. ಅವರ ನಡುವಿನ ಮಹಾಪುರುಷ ಡ್ಯೂಕ್ ಕಹನಮೋಕು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ನೂರು ಮೀಟರ್ ಈಜಿನ ಚಿನ್ನ ಗೆದ್ದವನು.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಈ ಹುಡುಗರ ಬಳಿ. ಹತ್ತು ಮಂದಿ ಹೊಸಬರನ್ನು ನೀರಿಗಿಳಿಸಿದ್ದೀರಿ ಎಂದಿಟ್ಟುಕೊಳ್ಳಿ. ಹಲಗೆಯ ಮೇಲೆ ಮಲಗಿಕೊಂಡು ಕೈಯಲ್ಲಿ ನೀರು ತಳ್ಳುವ ಗುರುವಿಗೆ ಕಾಣುವುದು ಮುಂದಿನ ಅಲೆಯ ಬೆನ್ನು ಮಾತ್ರ. ಯಾರು ಬಿದ್ದರು, ಯಾರು ದೂರ ತೇಲಿಹೋದರು, ಆಚೆಯಿಂದ ದೊಡ್ಡ ಅಲೆ ಬರುತ್ತಿದೆಯೇ, ಒಂದೂ ಕಾಣದು. ನಿಂತರೆ ಎಲ್ಲ ಕಾಣುತ್ತದೆ. ನಿಂತರೆ ಕೈ ನೀರಿಗೆ ಎಟಕುವುದಿಲ್ಲ, ಆದ್ದರಿಂದ ದೋಣಿಯ ಹುಟ್ಟನ್ನೇ ಎತ್ತಿಕೊಂಡರು. ಇನ್ನೊಂದು ಲಾಭವೂ ಇತ್ತು. ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು, ಅದು ನೆನೆಯದ ಹಾಗೆ ಹೋಗಿ, ಅತಿಥಿಗಳ ಫೋಟೋ ತೆಗೆಯಬಹುದು. ಅಂದರೆ ಇದು ಆಟವಾಗಿ ಶುರುವಾದದ್ದೇ ಅಲ್ಲ. ಪಾಠ ಹೇಳುವ ಮೇಷ್ಟ್ರು ತರಗತಿಯ ಕೊನೆಯ ಬೆಂಚು ಕಾಣಲಿ ಎಂದು ಎದ್ದು ನಿಂತ ಭಂಗಿ ಅದು.

ಆ ಪೈಕಿ ಒಂದು ಮನೆಯವರ ಹೆಸರು ಹೇಳಲೇಬೇಕು. ವೈಕಿಕಿಯ ಆಚೋಯ್ ಕುಟುಂಬ. ತಂದೆ ಜಾನ್, ಮಕ್ಕಳು ಲೆರಾಯ್ ಮತ್ತು ಬಾಬಿ. ಬಾಬಿಗೆ ಕಾರು ಅಪಘಾತದಲ್ಲಿ ಪೆಟ್ಟಾಗಿ ಈಜುವುದು, ಮಂಡಿಯೂರುವುದು ಕಷ್ಟವಾಯಿತು. ಕಡಲು ಬಿಟ್ಟಿರಲು ಮಾತ್ರ ಆಗಲಿಲ್ಲ. ಹಲಗೆಯ ಮೇಲೆ ನಿಂತು, ಹುಟ್ಟು ಹಾಕುತ್ತ ಅಲೆಗಳ ನಡುವೆ ಹೋಗುತ್ತಿದ್ದ, ಫೋಟೋ ತೆಗೆಯುತ್ತಿದ್ದ, ಆಡುವವರಿಗೆ ಅಲೆ ಬರುವುದನ್ನು ಕೂಗಿ ಹೇಳುತ್ತಿದ್ದ. ಮಂಡಿಯೂರುವುದು ಕಲಿಯುವವನ ಮೊದಲ ಹೆಜ್ಜೆ. ಅದೇ ಸಾಧ್ಯವಿಲ್ಲದವನು ನೇರ ಎದ್ದು ನಿಂತ. ಮಂಡಿನೋವಿನ ನೆಪ ಹೇಳಿ ಈ ಪಾಠವನ್ನು ಮೂರು ತಿಂಗಳು ಮುಂದೂಡಿದ್ದ ನಾನು ಇದನ್ನು ಓದಿ ಸುಮ್ಮನಾದೆ.

ಈ ನಡುವೆ ಹಲಗೆಯೂ ಬದಲಾಗುತ್ತಿತ್ತು. ಹಳೆಯ ಹವಾಯಿ ಹಲಗೆಗಳು ಇಡೀ ಮರದವು, ಹೊರಲಾರದ ಭಾರ. ಟಾಮ್ ಬ್ಲೇಕ್ ಎಂಬ ಅಮೆರಿಕನ್, ಹೊನೊಲುಲುವಿನ ಬಿಷಪ್ ಮ್ಯೂಸಿಯಮ್ಮಿನಲ್ಲಿದ್ದ ಪ್ರಾಚೀನ ಹಲಗೆಗಳನ್ನು ನೋಡಿ ಅಂಥದನ್ನೇ ಮಾಡಿದ. ಭಾರ ಇಳಿಸಲು ಅದರ ತುಂಬ ತೂತು ಕೊರೆದ, ಆಮೇಲೆ ಒಳಗೆ ಪೂರ್ತಿ ಪೊಳ್ಳಾದ ಹಲಗೆಯನ್ನೇ ಕಟ್ಟಿದ. 1932ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. 1935ರಲ್ಲಿ ಹಲಗೆಯ ಅಡಿಗೆ ಒಂದು ಫಿನ್, ಅಂದರೆ ರೆಕ್ಕೆ, ಕೂಡಿಸಿದವನೂ ಅವನೇ. ನನ್ನ ಹಲಗೆಯ ಹಿಂಬದಿಯಲ್ಲಿ, ನೀರಿನೊಳಗೆ, ಮೀನಿನ ರೆಕ್ಕೆಯಂತೆ ಇದ್ದದ್ದು ಅದರ ಮೊಮ್ಮಗ. ಅದಿಲ್ಲದಿದ್ದರೆ ಒಂದು ಮಗ್ಗುಲಲ್ಲಿ ಹುಟ್ಟು ಹಾಕಿದ ಕೂಡಲೇ ಹಲಗೆ ಹರಿಗೋಲಿನ ಹಾಗೆ ಗಿರ್ರನೆ ತಿರುಗುತ್ತಿತ್ತು.

ಬೀಚ್ ಬಾಯ್ಸ್ ಕಾಲ ಮುಗಿಯುತ್ತ ಬಂತು, ಚಿಕ್ಕ ಚುರುಕಾದ ಸರ್ಫ್ ಹಲಗೆಗಳು ಬಂದವು, ನಿಂತು ಹುಟ್ಟು ಹಾಕುವುದು ಕೆಲವು ಮುದುಕರ ಚಾಳಿಯಾಗಿ ಉಳಿಯಿತು. 1990ರ ದಶಕದ ಮಧ್ಯದಲ್ಲಿ ಮಾವಿ ದ್ವೀಪದ ಲೈರ್ಡ್ ಹ್ಯಾಮಿಲ್ಟನ್ ಮತ್ತು ಡೇವ್ ಕಲಾಮ ಅದನ್ನು ಮತ್ತೆ ಎತ್ತಿಕೊಂಡರು. ಬೆಟ್ಟದಂಥ ಅಲೆಗಳನ್ನು ಏರುವುದಕ್ಕೆ ಹೆಸರಾದವರು ಅವರು. ಅಲೆಯಿಲ್ಲದ ದಿನ ಬೇಜಾರು ಕಳೆಯಲು ದೊಡ್ಡ ಹಲಗೆ ಹತ್ತಿ ದೋಣಿಯ ಹುಟ್ಟು ಹಿಡಿದರು. ಆ ಹುಟ್ಟು ಮೋಟು, ಸೊಂಟ ಬಗ್ಗಿಸಬೇಕು. ಆಗ ಉದ್ದದ ಹುಟ್ಟುಗಳನ್ನೇ ಮಾಡಿಸಿಕೊಂಡರು. ಆಟ ಹುಟ್ಟಿದ್ದು ಇಲ್ಲಿ ಎನ್ನಬಹುದು. ನಮ್ಮ ಭಾಷೆಯಲ್ಲಿ ಹುಟ್ಟು ಎಂದರೆ ಎರಡೂ ಹೌದಲ್ಲ! 2003ರಲ್ಲಿ ಹವಾಯಿಯ ಮಕಾಹ ಕಡಲತೀರದ ಹಿರಿಯ ಅಲೆಯಾಟಗಾರ ಬಫೆಲೊ ಕೇಔಲಾನರ ಹೆಸರಿನ ಸ್ಪರ್ಧೆಯಲ್ಲಿ ಇದಕ್ಕೊಂದು ವಿಭಾಗ ಸೇರಿಸಿದರು. ಅದಕ್ಕೆ ಇಟ್ಟ ಹೆಸರು 'ಬೀಚ್ ಬಾಯ್ ಸರ್ಫಿಂಗ್'. ಹಳೆಯ ಗುರುಗಳಿಗೆ ಸಂದ ಗೌರವ ಅದು.

ಅಲ್ಲಿಂದ ಮುಂದೆ ಕಥೆಗೆ ರೆಕ್ಕೆ ಬಂತು. ಕ್ಯಾಲಿಫೋರ್ನಿಯ, ಯುರೋಪು, ಕೆರೆ, ನದಿ, ಕಾಲುವೆ. ಅಲೆ ಬೇಕಿಲ್ಲ, ನೀರಿದ್ದರೆ ಸಾಕು. 2008ರಲ್ಲಿ ಅಮೆರಿಕದ ಕರಾವಳಿ ರಕ್ಷಣಾ ಪಡೆ, ಈಜುವ ಜಾಗ, ಅಲೆಯಾಟದ ಜಾಗ ದಾಟಿ ಹೋದರೆ ಈ ಹಲಗೆಯೂ ಒಂದು ನೌಕೆ ಎಂದು ತೀರ್ಮಾನಿಸಿತು. ಲೈಫ್ ಜಾಕೆಟ್ ನಿಯಮ ಬಂದದ್ದು ಹಾಗೆ. ಹಾಗಾದರೆ ಇದು ಅಲೆಯಾಟವೋ, ದೋಣಿಯಾಟವೋ? ಹಲಗೆ ನಮ್ಮದು ಎಂದು ಸರ್ಫಿಂಗ್ ಸಂಸ್ಥೆ, ಹುಟ್ಟು ನಮ್ಮದು ಎಂದು ಕನೂ ಸಂಸ್ಥೆ ಜಗಳಕ್ಕೆ ಬಿದ್ದವು. ವ್ಯಾಜ್ಯ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯದವರೆಗೆ ಹೋಗಿ, ಒಲಿಂಪಿಕ್ ಮಟ್ಟದಲ್ಲಿ ಇದು ಸರ್ಫಿಂಗ್ ಸಂಸ್ಥೆಗೆ ಸೇರಿದ್ದು ಎಂದು 2020ರ ಆಗಸ್ಟಿನಲ್ಲಿ ತೀರ್ಪಾಯಿತು. ಒಲಿಂಪಿಕ್ಸ್‌ಗೆ ಇನ್ನೂ ಸೇರದ ಆಟಕ್ಕೆ ಈ ಪಾಟಿ ಕೋರ್ಟು ಕಚೇರಿ! ಆಸ್ತಿ ಬರುವ ಮೊದಲೇ ಪಾಲಿಗೆ ಕೂತ ಅಣ್ಣತಮ್ಮಂದಿರು ನಮ್ಮಲ್ಲಿ ಮಾತ್ರ ಇರುವುದಲ್ಲ.

ನನ್ನಂಥವರ ಕಾಲ ಬುಡಕ್ಕೆ ಈ ಹಲಗೆ ಬಂದದ್ದಕ್ಕೆ ಇನ್ನೊಂದು ಕಾರಣ, ಗಾಳಿ ತುಂಬುವ ಹಲಗೆ. ಎರಡು ಪದರ ಬಟ್ಟೆಯ ನಡುವೆ ಸಾವಿರಾರು ನೂಲುಗಳನ್ನು ಒಂದೇ ಉದ್ದಕ್ಕೆ ಹೆಣೆದಿರುತ್ತಾರೆ. ಗಾಳಿ ತುಂಬಿದಾಗ ಅದು ಬಲೂನಿನಂತೆ ಉಬ್ಬದೆ, ನೂಲು ಬಿಟ್ಟಷ್ಟೇ ದಪ್ಪಕ್ಕೆ ನಿಂತು ಮಣೆಯ ಹಾಗೆ ಗಟ್ಟಿಯಾಗುತ್ತದೆ. ಈ ಬಗೆಯ ಬಟ್ಟೆ ಮೊದಲು ಬಳಕೆಯಾದ ಕಡೆಗಳಲ್ಲಿ ಒಂದು, ನೀವು ಊಹಿಸಲಾರಿರಿ, ವಿಮಾನ. 1956ರಲ್ಲಿ ಗುಡ್‌ಇಯರ್ ಕಂಪನಿ ಸೈನ್ಯಕ್ಕಾಗಿ ಗಾಳಿ ತುಂಬಿ ಹಾರಿಸುವ ಒಂದು ವಿಮಾನವನ್ನು ಮಾಡಿತ್ತು. ಬಿಲ್ಲುಬಾಣ ಇರುವ ಶತ್ರುವಿಗೂ ಹೆದರಬೇಕಾದ ವಿಮಾನ! ಅದು ಸೈನ್ಯದ ಬಳಕೆಗೆ ಬರಲೇ ಇಲ್ಲ. ಆ ಹೆಣಿಗೆಯ ಉಪಾಯ ಉಳಿದು ಈಗ ಮಡಚಿ ಬೆನ್ನಿಗೇರಿಸಿಕೊಳ್ಳುವ ಹಲಗೆಯಾಗಿದೆ.

ನಮ್ಮ ಕರಾವಳಿಗೆ ಇದು ಬಂದದ್ದು ಅಲೆಯಾಟದ ಬೆನ್ನಿಗೆ. ಅಮೆರಿಕದಿಂದ ಬಂದು ಸನ್ಯಾಸಿಯಾದ ಜ್ಯಾಕ್ ಹೆಬ್ನರ್, 'ಸರ್ಫಿಂಗ್ ಸ್ವಾಮಿ' ಎಂದೇ ಹೆಸರಾದವರು, 2004ರಲ್ಲಿ ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಕಟ್ಟಿದರು. ಬೆಳಗ್ಗೆ ಜಪ, ಆಮೇಲೆ ಕಡಲು. ಶಾಂಭವಿಯೂ ನಂದಿನಿಯೂ ಕೂಡಿ ಕಡಲು ಸೇರುವ ಸಸಿಹಿತ್ಲುವಿನಲ್ಲಿ 2024ರ ಮಾರ್ಚಿನಲ್ಲಿ ಅಂತರರಾಷ್ಟ್ರೀಯ ಪ್ಯಾಡಲ್ ಸ್ಪರ್ಧೆಯೇ ನಡೆಯಿತು. ಅಲೆಯಿರುವ ಕಡಲು ಒಂದು ಕಡೆ, ಕಾಂಡ್ಲ ಗಿಡಗಳ ನಡುವಿನ ಗಾಜಿನಂಥ ನೀರು ಇನ್ನೊಂದು ಕಡೆ. ಕಲಿಯುವವರಿಗೆ ಇದಕ್ಕಿಂತ ಬೇರೆ ಶಾಲೆ ಬೇಕೇ?

ಆ ಶಾಲೆಗೆ ಮತ್ತೆ ಹೋಗೋಣ. ದಡದಲ್ಲಿ ಹುಡುಗ ಕಲಿಸಿದ್ದು ಹೆಚ್ಚೇನಲ್ಲ. ಹುಟ್ಟನ್ನು ನಿಲ್ಲಿಸಿ ಕೈ ಮೇಲೆತ್ತಿದರೆ ಅದರ ಹಿಡಿ ಮಣಿಕಟ್ಟಿಗೆ ತಾಗಬೇಕು. ಅಲಗಿನ ಓರೆ ಮುಂದಕ್ಕಿರಬೇಕು. ಹೊಸಬರೆಲ್ಲ ತಿರುವುಮುರುವು ಹಿಡಿಯುತ್ತಾರೆ, ನಾನೂ ಹಿಡಿದೆ. ಕಾಲಿಗೆ ಹಲಗೆಯ ಹಗ್ಗ ಕಟ್ಟಿಕೊಳ್ಳಬೇಕು, ಬಿದ್ದಾಗ ಅದೇ ಆಸರೆ. ಹರಿವು ಜೋರಿರುವ ಹೊಳೆಯಲ್ಲಾದರೆ ಹಗ್ಗ ಎಲ್ಲಾದರೂ ಸಿಕ್ಕಿಕೊಂಡೀತು, ಅಲ್ಲಿ ಥಟ್ಟನೆ ಬಿಚ್ಚಿಕೊಳ್ಳುವ ಸೊಂಟಪಟ್ಟಿಯೇ ಬೇಕು. ಬೆಳಗಿನ ಪಾಠವೇ ಯಾಕೆ ಎಂದು ಕೇಳಿದೆ. "ಮಧ್ಯಾಹ್ನ ಪಡುಗಾಳಿ ಏಳ್ತದೆ ಸರ್, ನಿಂತ ಮನುಷ್ಯ ಹಾಯಿ ಇದ್ದ ಹಾಗೆ" ಎಂದ. ಬೆಳಗಿನ ಗಾಳಿ ಮೂಡಣದ್ದು, ಮೆಲ್ಲಗಿರುತ್ತದೆ. ಆದರೆ ಅದು ಬೀಸುವುದು ಕಡಲಿನತ್ತ, ಇಳಿತದ ನೀರು ಹರಿಯುವುದೂ ಅಳಿವೆಯತ್ತ. ಎರಡೂ ಕೂಡಿದ ಹೊತ್ತಿನಲ್ಲಿ ಆ ಕಡೆ ಸುಳಿಯಬಾರದು. ಗಾಳಿ ಜೋರಾದರೆ ಮರ್ಯಾದೆ ನೋಡದೆ ಮಂಡಿಯೂರಬೇಕು. ಇಷ್ಟು ಅವನ ಶಾಸ್ತ್ರ.

ಮೂರನೇ ಸಲ ಎದ್ದಾಗ ಒಂದು ಗುಟ್ಟು ಗೊತ್ತಾಯಿತು. ಹುಟ್ಟು ಗಾಳಿಯಲ್ಲಿದ್ದಾಗ ಬೀಳುತ್ತೇವೆ, ನೀರಿನಲ್ಲಿದ್ದಾಗ ನಿಲ್ಲುತ್ತೇವೆ. ಅದು ಮೂರನೇ ಕಾಲು. ಹೆದರಿ ಸುಮ್ಮನೆ ನಿಂತರೆ ಹಲಗೆ ನಡುಗುತ್ತದೆ, ಮುಂದಕ್ಕೆ ಹೋದರೆ ತಣ್ಣಗಾಗುತ್ತದೆ, ಸೈಕಲ್ಲಿನ ಹಾಗೆಯೇ. ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು. ತೆಂಗಿನಮರ ನೋಡಿಕೊಂಡೇ ಹೋದೆ.

ಹೋಗುತ್ತ ಹೋಗುತ್ತ ಮರದ ಆಚೆಯದೂ ಕಾಣಿಸತೊಡಗಿತು. ತಿಳಿನೀರಿನ ಕೆಳಗೆ ಮರಳಿನ ಗೆರೆಗಳು, ಸೊಂಟದುದ್ದ ನೀರಿನಲ್ಲಿ ಬಗ್ಗಿ ಮರುವಾಯಿ ಹೆಕ್ಕುವ ಹೆಂಗಸರು, ಪಾತಿ ದೋಣಿಯಲ್ಲಿ ಬಲೆ ಬಿಡಿಸುವ ಮುದುಕ. ಹಿಂದೆ ತಿರುಗಿ ನೋಡುವ ಧೈರ್ಯವೂ ಬಂತು. ನನ್ನ ಜೊತೆ ನೀರಿಗಿಳಿದಿದ್ದ ಬೆಂಗಳೂರಿನ ಅಮ್ಮ-ಮಗಳಲ್ಲಿ ಮಗಳು ಇನ್ನೂ ಮಂಡಿಯೂರಿಯೇ ಇದ್ದಳು. ಅಮ್ಮ ಎದ್ದು ನಿಂತು ತನ್ನ ಕಾಲು ನೋಡುತ್ತಿದ್ದರು. "ಅಮ್ಮಾ, ತೆಂಗಿನಮರ ನೋಡಿ, ತೆಂಗಿನಮರ!" ಎಂದು ನಾನು ಕೂಗಿದೆ. ಹಾಗೆ ಕೂಗಿದವನು ಮೂರನೇ ಸಲ ನೀರಿಗೆ ಬಿದ್ದೆ. ಹುಡುಗ ನಗುತ್ತಿದ್ದ.