ಕಲ್ಲಿನ ಸಾರಿನಲ್ಲಿ ಒಂದು ತುಂಡು ಸಾಸೇಜ್

(ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರು ಆಡಿದ ಮಾತುಗಳ ಬರಹ ರೂಪ)



ಅಡುಗೆಯ ಬಗ್ಗೆ ಮಾತನಾಡಲು ವರದಿಗಾರನನ್ನು ಕರೆದಿದ್ದೀರಿ. ಡಿಪ್ಲೊಮಾ ಓದುವಾಗ ಬಾಡಿಗೆ ಕೋಣೆಯಲ್ಲಿ ಒಂದು ಸ್ಟೌ ಇಟ್ಟುಕೊಂಡು ಕೆಟ್ಟ ಅಡುಗೆ ಮಾಡಿ ತಿಂದವನು ಎಂಬುದಷ್ಟೇ ನನ್ನ ಅರ್ಹತೆ. ಅದರ ಫಲವನ್ನು ಆಮೇಲೆ ಹೇಳುತ್ತೇನೆ. ಮೊದಲು ಒಂದು ಕಥೆ.

ಪೋರ್ಚುಗಲ್‌ನಲ್ಲಿ ಟೇಗಸ್ ನದಿಯ ಸಮೀಪ ಅಲ್ಮೇರಿಂ ಎಂಬ ಊರಿದೆ. ಹಸಿದ ಸನ್ಯಾಸಿಯೊಬ್ಬ ಅಲ್ಲಿ ಒಂದು ಮನೆಯ ಬಾಗಿಲಿಗೆ ಬಂದನಂತೆ. ಬೇಡಲು ಸ್ವಾಭಿಮಾನ ಬಿಡಲಿಲ್ಲ. ನೆಲದ ಮೇಲಿದ್ದ ಕಲ್ಲೊಂದನ್ನು ಎತ್ತಿಕೊಂಡು, 'ಇದರಲ್ಲೇ ಸಾರು ಮಾಡಿಕೊಳ್ಳುತ್ತೇನೆ, ಒಂದು ಪಾತ್ರೆ ಕೊಡಿ ಸಾಕು' ಎಂದ. ಮನೆಯವರಿಗೆ ಕುತೂಹಲ. ನೀರು ಕುದಿಯಿತು. ಚೂರು ಉಪ್ಪಿದ್ದರೆ ಚೆನ್ನಾಗಿತ್ತು ಎಂದ, ಬಂತು. ಕೋಸಿನ ಎಲೆ? ಅದೂ ಬಂತು. ಹೀಗೇ ಒಂದೊಂದಾಗಿ ಕೇಳುತ್ತ ಕೊನೆಗೆ ಸಾಸೇಜ್ ತುಂಡೂ ಪಾತ್ರೆಗೆ ಬಿತ್ತು. ಹೊಟ್ಟೆ ತುಂಬ ಉಂಡು, ಕಲ್ಲನ್ನು ತೊಳೆದು ಮುಂದಿನ ಊರಿಗೆಂದು ಜೋಳಿಗೆಗೆ ಹಾಕಿಕೊಂಡು ಹೊರಟ.

ಈ ಕಥೆ ಯುರೋಪಿನ ಬೇರೆ ದೇಶಗಳಲ್ಲೂ ಇದೆ. ಅಲ್ಮೇರಿಂನವರು ಮಾತ್ರ ಅದನ್ನು ತಮ್ಮ ಊರಿನ ಊಟವನ್ನೇ ಮಾಡಿಕೊಂಡಿದ್ದಾರೆ. ಹೆಸರು 'ಸೋಪಾ ದ ಪೇದ್ರ', ಅಂದರೆ ಕಲ್ಲಿನ ಸಾರು. ಕೆಂಪು ರಾಜ್ಮಾ, ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ, ಹಂದಿಮಾಂಸ, 'ಶೋರಿಸು' ಎಂಬ ಕೆಂಪು ಸಾಸೇಜ್. ಮೇಲೆ ನಮ್ಮ ಹಾಗೆಯೇ ಕೊತ್ತಂಬರಿ ಸೊಪ್ಪು!

ಕಥೆಯಲ್ಲಿ ಸಾಸೇಜ್ ಕೊನೆಗೆ ಬಂತು, ಅದೂ ಒಂದೇ ತುಂಡು ಎಂಬುದನ್ನು ಗಮನಿಸಿ. ಚಳಿಗಾಲದಲ್ಲಿ ಹಂದಿ ಕಡಿದು, ಮಾಂಸಕ್ಕೆ ಉಪ್ಪು, ಬೆಳ್ಳುಳ್ಳಿ, ಮೆಣಸಿನ ಪುಡಿ ಹಚ್ಚಿ, ಕರುಳಿನಲ್ಲಿ ತುಂಬಿ ಹೊಗೆಗೆ ಕಟ್ಟಿದರೆ ತಿಂಗಳುಗಟ್ಟಲೆ ಬರಬೇಕು. ಬಡವರ ಹೊಟ್ಟೆ ತುಂಬಿಸುತ್ತಿದ್ದುದು ಕಾಳು. ಸಾಸೇಜ್ ನಮ್ಮ ಒಗ್ಗರಣೆ ಇದ್ದ ಹಾಗೆ. ಇಂದು ಕೋಲ್ಡ್ ಸ್ಟೋರೇಜ್ ಅಂಗಡಿಯಿಂದ ಪೊಟ್ಟಣ ತಂದು ಪೂರ್ತಿ ಸುರಿದುಬಿಡುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2015ರಲ್ಲಿ ಸಂಸ್ಕರಿತ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ದಿನಾ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಸುಮಾರು ಶೇಕಡಾ 18ರಷ್ಟು ಹೆಚ್ಚುತ್ತದೆ ಎಂದಿತು. ಯಾವಾಗಲೋ ಒಂದು ದಿನ ತಿಂದವರು ಗಾಬರಿಯಾಗಬೇಕಿಲ್ಲ. ದಿನಾ ತಿನ್ನುವವರು ಯೋಚಿಸಬೇಕು.

ಇನ್ನು ನನ್ನ ಹೊಟ್ಟೆಯ ಕಥೆ. ಒಂದು ಸಂಜೆ ಅವಸರದಲ್ಲಿ ರಾಜ್ಮಾವನ್ನು ಬರೀ ಎರಡು ಗಂಟೆ ನೆನೆಸಿ, ತೆರೆದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿಟ್ಟು ಅರೆಬೆಂದದ್ದನ್ನೇ ತಿಂದೆ. ಆ ರಾತ್ರಿ ವಾಂತಿ ಮಾಡಿ ಸುಸ್ತಾದೆ. ಹಸಿ ರಾಜ್ಮಾದಲ್ಲಿ ಫೈಟೋಹೀಮಗ್ಲುಟಿನಿನ್ ಎಂಬ ವಿಷಕಾರಿ ಪ್ರೋಟೀನು ಇರುತ್ತದೆಂದು ಆಮೇಲೆ ಓದಿ ತಿಳಿದೆ. ಅದು ನಾಶವಾಗಲು ನೀರು ಕೊತಕೊತ ಕುದಿಯಬೇಕು. ಸಣ್ಣ ಉರಿಯ ಬಿಸಿ ಸಾಲದು. ಬೇಗ ಮಾಡಬೇಕೆನ್ನುವವರಿಗೆ ಪ್ರೆಷರ್ ಕುಕ್ಕರೇ ಗತಿ.

ಮಾಡುವುದು ಹೀಗೆ. ನಾಲ್ವರಿಗೆ ಒಂದು ಲೋಟ ರಾಜ್ಮಾ ರಾತ್ರಿ ನೆನೆಹಾಕಿ. ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಐದಾರು ಕೂಗು ಕೂಗಿಸಿ, ಉರಿ ತಗ್ಗಿಸಿ ಹತ್ತು ನಿಮಿಷ ಬಿಡಿ. ಬೆರಳಲ್ಲಿ ಒತ್ತಿದರೆ ಬೆಣ್ಣೆಯಂತೆ ಮೆತ್ತಗಾಗಬೇಕು. ಇಲ್ಲವಾದರೆ ಮತ್ತೆ ಕೂಗಿಸಿ. ಇನ್ನೊಂದು ಪಾತ್ರೆಯಲ್ಲಿ 100 ಗ್ರಾಂ ಸಾಸೇಜನ್ನು ಬಿಲ್ಲೆಗಳಾಗಿ ಹೆಚ್ಚಿ ಹುರಿಯಿರಿ. ಬಿಟ್ಟ ಜಿಡ್ಡಿನಲ್ಲೇ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಆಲೂಗಡ್ಡೆ, ಕೋಸು, ಕಾಳು ಬೆಂದ ನೀರು ಸೇರಿಸಿ ಬೇಯಿಸಿ. ಕಾಳಿನಲ್ಲಿ ಅರ್ಧ ಮಸೆದು ಹಾಕಿದರೆ ಸಾರು ತಾನಾಗಿ ಮಂದವಾಗುತ್ತದೆ. ಉಪ್ಪು ಕೊನೆಗೆ, ರುಚಿ ನೋಡಿ, ಸಾಸೇಜಿನಲ್ಲೇ ಬೇಕಾದಷ್ಟಿರುತ್ತದೆ.

1510ರಿಂದ 1961ರವರೆಗೆ ಪೋರ್ಚುಗೀಸರಿದ್ದ ಗೋವಾದ 'ಚೊರೀಸ್' ಸಿಕ್ಕರೆ ಇನ್ನೂ ರುಚಿ. ಆದರೆ ಅದು ವಿನೆಗರ್, ಮೆಣಸಿನಕಾಯಿ ಹಾಕಿ ಒಣಗಿಸಿದ ಹಸಿ ಮಾಂಸ, ಪೂರ್ತಿ ಬೇಯಿಸಲೇಬೇಕು. ಮಾಂಸ ತಿನ್ನದವರು ಬ್ಯಾಡಗಿ ಮೆಣಸಿನ ಪುಡಿಯನ್ನು ಬೆಳ್ಳುಳ್ಳಿಯೊಂದಿಗೆ ಎಣ್ಣೆಯಲ್ಲಿ ಬಾಡಿಸಿ ಹಾಕಿ. ಹೊಗೆಯ ವಾಸನೆ ಬಾರದು, ಬಣ್ಣವಂತೂ ಬರುತ್ತದೆ.

ಕಲ್ಲು ಹಾಕಬೇಕಿಲ್ಲ. ರಾಜ್ಮಾ ನೆನೆಹಾಕುವ ಮೊದಲು ಇದ್ದದ್ದನ್ನು ಆರಿಸಿ ತೆಗೆಯಿರಿ.