ತಪ್ಪೊಪ್ಪಿಗೆಯ ಚೌಕಾಶಿ
(ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)

ತಪ್ಪೊಪ್ಪಿಕೊಂಡು ಶಿಕ್ಷೆ ಇಳಿಸಿಕೊಳ್ಳುವ ಚೌಕಾಶಿ ಅಮೆರಿಕದಲ್ಲಿ ಬಲು ರೂಢಿ. ಫ್ಲಾರಿಡಾದ ಕೋಟ್ಯಧೀಶ ಜೆಫ್ರಿ ಎಪ್‌ಸ್ಟೀನ್ ಎಳೆಯ ಹುಡುಗಿಯರಿಗೆ ಹಣದಾಸೆ ತೋರಿ ದೌರ್ಜನ್ಯ ನಡೆಸಿದ್ದ. 2007ರಲ್ಲಿ ಕೇಂದ್ರದ ಸರ್ಕಾರಿ ವಕೀಲರು ಅವನೊಡನೆ ಗುಟ್ಟಾಗಿ ಕರಾರು ಮಾಡಿಕೊಂಡರು: ರಾಜ್ಯದ ಕೋರ್ಟಿನಲ್ಲಿ ಎರಡು ಹಗುರ ಆಪಾದನೆ ಒಪ್ಪಿಕೊಂಡರೆ ಕೇಂದ್ರದ ಮೊಕದ್ದಮೆಯಿಲ್ಲ. ಅದು ಕೇಂದ್ರದ ಯಾವ ನ್ಯಾಯಾಧೀಶರ ಒಪ್ಪಿಗೆಗೂ ಹೋಗಲಿಲ್ಲ. ಹುಡುಗಿಯರಿಗೆ ತಿಳಿಸಲೂ ಇಲ್ಲ. 2008ರಲ್ಲಿ ಶಿಕ್ಷೆ 18 ತಿಂಗಳು. ಇದ್ದದ್ದು ಸುಮಾರು 13. ಅದರಲ್ಲೂ ಹಗಲು ಕಚೇರಿಗೆ ಹೋಗಿಬರುವ ಅನುಮತಿ! ಕೋಳಿ ಕದ್ದವನಿಗೆ ಈ ಭಾಗ್ಯವುಂಟೆ?

ಮಗುವಿನ ಮಾತು ಕೇಳಿ, ಇಂಥ ಕರಾರನ್ನು ತಳ್ಳಿಹಾಕುವ ಅಧಿಕಾರ ನ್ಯಾಯಾಧೀಶರಿಗಿರಬೇಕು. ನಮ್ಮಲ್ಲಿ 2006ರಲ್ಲಿ ಜಾರಿಗೆ ಬಂದ ಚೌಕಾಶಿ ಕಾನೂನು 14ರೊಳಗಿನ ಮಕ್ಕಳ ಮೇಲಿನ ಅಪರಾಧಗಳನ್ನು ಹೊರಗಿಟ್ಟಿತು, ಸರಿ. ಆದರೆ ಊರ ಕಟ್ಟೆಯ ಮೇಲೆ ದೊಡ್ಡವರು ಮಾಡಿಸುವ ರಾಜಿ? ತಿಳಿದೂ ಪೊಲೀಸರಿಗೆ ಹೇಳದಿದ್ದರೆ 2012ರ ಪೋಕ್ಸೋ ಕಾನೂನಿನ ಪ್ರಕಾರ ಅದೂ ಅಪರಾಧವೇ.