ಹರಿಶ್ಚಂದ್ರಕಾವ್ಯದಲ್ಲಿ ಶೋಕವೂ ಷಟ್ಪದಿಯ ನಡೆಯೂ
(ಹೆಡತಲೆಯಲ್ಲಿ ಮಾಡಿದ ಉಪನ್ಯಾಸ)



ಷಡಕ್ಷರದೇವನ ಯಳಂದೂರು ಹೆಡತಲೆಗೆ ಬಹುದೂರವಲ್ಲ. ಆತನ ‘ರಾಜಶೇಖರವಿಳಾಸ’ದಲ್ಲಿ ಕಂದನನ್ನು ಕಳೆದುಕೊಂಡ ತಿರುಕೊಳವಿನಾಚಿಯ ಪ್ರಲಾಪಕ್ಕೆ ಕಣ್ಣೀರಿಡದ ರಸಿಕರು ವಿರಳ. ಅದು ಚಂಪೂಕಾವ್ಯ. ಅದಕ್ಕೂ ನಾಲ್ಕು ಶತಮಾನಗಳ ಮುನ್ನವೇ ರಾಘವಾಂಕನು ಇಂತಹುದೇ ದುಃಖವನ್ನು ವಾರ್ಧಕಷಟ್ಪದಿಯಲ್ಲಿ ಹಾಡಿರುವನು. ಛಂದಸ್ಸು ಶೋಕಕ್ಕೆ ಬರಿಯ ತೊಡವೋ, ಇಲ್ಲವೆ ಅದರ ಉಸಿರೋ ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ.

ವಾರ್ಧಕದ ಲಕ್ಷಣವು ಸರಳವಾದುದು. ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ ಐದು ಮಾತ್ರೆಯ ನಾಲ್ಕು ಗಣಗಳು. ಮೂರು ಮತ್ತು ಆರನೆಯವುಗಳಲ್ಲಿ ಅಂತಹ ಆರು ಗಣಗಳು, ಕೊನೆಗೊಂದು ಗುರು. ಹೀಗೆ 20 ಮಾತ್ರೆಗಳ ಎರಡು ಪಾದಗಳಾದ ಮೇಲೆ 32 ಮಾತ್ರೆಗಳ ನೀಳಪಾದವು ಬರುವುದು. ಹಾವು ಕಚ್ಚಿ ಮಡಿದ ಲೋಹಿತಾಶ್ವನನ್ನು ಕಂಡ ಚಂದ್ರಮತಿಯ ಅಳಲಿಗೆ ಈ ಕಟ್ಟು ಎಷ್ಟು ಒಪ್ಪುವುದೆಂದರೆ, ಕಿರುಪಾದಗಳಲ್ಲಿ ತಡೆತಡೆದು ಬಂದ ಬಿಕ್ಕು ನೀಳಪಾದದಲ್ಲಿ ಕಟ್ಟೆಯೊಡೆದು ಹರಿದು, ಕಡೆಯ ಗುರುವಿನಲ್ಲಿ ಸೋತು ನಿಲ್ಲುವುದು. ಆದಿಪ್ರಾಸವು ಪಾದಪಾದಕ್ಕೂ ಅದೇ ವ್ಯಂಜನಕ್ಕೆ ಮರಳುವುದು. ದುಃಖಿತಳ ಮನಸ್ಸೂ ಹಾಗೆಯೇ ಒಂದೇ ನೆನಪಿಗೆ ಮತ್ತೆ ಮತ್ತೆ ಮರಳುವುದಷ್ಟೆ.

ಆದರೆ ಕವಿಯ ನಿಜವಾದ ಸಾಮರ್ಥ್ಯವು ಮುಂದಿನ ಸನ್ನಿವೇಶದಲ್ಲಿದೆ. ಸುಡುಗಾಡನ್ನು ಕಾಯುವ ಹರಿಶ್ಚಂದ್ರನು, ಎದುರಿಗಿರುವವಳು ಮಡದಿಯೆಂದರಿಯದೆ, ಹೆಣ ಸುಡಲು ಒಡೆಯನಿಗೆ ಸಲ್ಲಬೇಕಾದ ತೆರೆಯನ್ನು ಕೇಳುವನು. ಇಲ್ಲದವಳ ಕೊರಳ ತಾಳಿಯನ್ನೇ ತೋರಿಸುವನು. ಕೇಳುವವನ ಕಠಿಣವಾಕ್ಯಕ್ಕೂ ಅಳುವವಳ ಮೊರೆಗೂ ಅದೇ ಐದು ಮಾತ್ರೆಯ ನಡೆ. ಕವಿಯು ತಾಯಿಗಾಗಿ ಛಂದಸ್ಸನ್ನು ಸಡಿಲಿಸಲಿಲ್ಲ. ದೊರೆಯು ಮಡದಿಗಾಗಿ ಸತ್ಯವನ್ನು ಸಡಿಲಿಸಲಿಲ್ಲ. ಆದುದರಿಂದಲೇ ಇಲ್ಲಿಯ ಕರುಣೆಯು ಗೋಳಾಟವಾಗಿ ಹರಡದೆ, ದಡಗಳ ನಡುವೆ ಹರಿವ ಹೊಳೆಯಂತೆ ಆಳವಾಗಿರುವುದು.

ಈ ಮಾತು ಗಮಕಿಗಳಿಗೂ ಅನ್ವಯಿಸುವುದು. ಪದಪದಕ್ಕೂ ಗದ್ಗದವನ್ನು ಬೆರೆಸಿ ಓದಿದರೆ ಗಣಗಳು ಮುರಿಯುವುವು. ವಾಚಕನ ಅಳು ಕೇಳಿಸೀತೇ ಹೊರತು ಚಂದ್ರಮತಿಯದು ಕೇಳಿಸದು. ನಡೆಯನ್ನು ಕಾಯ್ದುಕೊಂಡು ಓದಿದಲ್ಲಿ ಶೋಕವು ಕೇಳುವವರ ಎದೆಯಲ್ಲಿ ತಾನಾಗಿಯೇ ಮೂಡುವುದು.

ಸತ್ಯವು ಬಾಳಿಗೆ ಹೇಗೋ ಲಯವು ಕಾವ್ಯಕ್ಕೆ ಹಾಗೆ. ಇದನ್ನರಿತು ಓದುವವರು ಊರೂರಿನಲ್ಲಿ ಹೆಚ್ಚಲಿ. ಕನ್ನಡದ ಷಟ್ಪದಿಯು ಮನೆಮನೆಯಲ್ಲಿ ದನಿಗೊಳ್ಳಲಿ.